ಎಸ್ಸೆಸ್ಸೆಲ್ಸಿಯಿಂದ ಕಾಲೇಜಿನವರೆಗೆ: ಉತ್ತರ ಕನ್ನಡದ ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿಯ ಪದವಿಪೂರ್ವ ಕಾಲೇಜೊಂದರಲ್ಲಿ ಪಾಠ ಮಾಡುವ ನನ್ನನ್ನು ಹುಡುಕಿಕೊಂಡು ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಪಾಲಕರು ಬರುತ್ತಲೇ ಇರುತ್ತಾರೆ. ಕಾರವಾರ, ಅಂಕೋಲೆ, ಕುಮಟೆಯವರು ಬರುತ್ತಾರೆ. ಘಟ್ಟ ಇಳಿದು ಶಿರಸಿ, ಸಿದ್ದಾಪುರದವರೂ ಬರುತ್ತಾರೆ. ಅವರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವುಗಳಿಗೆ ಎರಡು ಮೂರು ವರ್ಷ ಮೊದಲೇ ಉತ್ತರ ಸಿಗಬೇಕಿತ್ತು ಎಂಬುದೇ ನನ್ನ ಸಂಕಟ. ನಮ್ಮ ಮಕ್ಕಳು ಓದಿನಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೆ ಸುದ್ದಿ ನಮ್ಮ ಹಳ್ಳಿಗಳಿಗೆ ತಡವಾಗಿ ತಲುಪುತ್ತದೆ, ದಾರಿ ದೂರ, ಮಳೆಗಾಲವೋ ಪ್ರವೇಶದ ಕಾಲದಲ್ಲೇ ಬಂದು ಕುಳಿತಿರುತ್ತದೆ. ಬೇಗ ಶುರು ಮಾಡಿದವರಿಗೆ ಈ ಮೂರೂ ಅಡ್ಡಿಯಾಗುವುದಿಲ್ಲ. ದಿನಾಂಕ ಮತ್ತು ಶುಲ್ಕಗಳು ವರ್ಷವರ್ಷ ಬದಲಾಗುವುದರಿಂದ ಅವನ್ನು ಆಯಾ ವರ್ಷದ ಅಧಿಕೃತ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ಕಾಲೇಜಿನ ತಯಾರಿ ಯಾವ ತರಗತಿಯಿಂದ ಶುರುವಾಗಬೇಕು?

ಒಂಬತ್ತನೆಯ ತರಗತಿಯಿಂದ. ಆ ವಯಸ್ಸಿಗೆ ಕೋಚಿಂಗ್ ಬೇಕೆಂದು ನಾನು ಹೇಳುತ್ತಿಲ್ಲ. ದಾಖಲೆಗಳನ್ನು ಸರಿಪಡಿಸಲು ಮತ್ತು ಮಗುವಿನ ಒಲವು ಯಾವ ಕಡೆಗಿದೆ ಎಂದು ಗಮನಿಸಲು ಅದು ತಕ್ಕ ಸಮಯ. ಮನೆಯಲ್ಲಿ ಎಂಟನೆಯ ತರಗತಿಯ ಮಗು ಇದ್ದು, ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಓದುತ್ತಿದ್ದರೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆಯನ್ನು ಬರೆಸಿ. ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಮುಖ್ಯ ಶಿಕ್ಷಕರನ್ನು ಪಾಲಕರೇ ಹೋಗಿ ಕೇಳಿದರೆ ಅರ್ಜಿಯ ಕೊನೆಯ ದಿನ ಕೈತಪ್ಪುವುದಿಲ್ಲ.

ಪಿಸಿಎಂಬಿ ಕೊಡಿಸುವುದೋ, ಪಿಸಿಎಂಸಿ ಕೊಡಿಸುವುದೋ?

ಪಿಸಿಎಂಬಿ ಎಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ. ಪಿಸಿಎಂಸಿಯಲ್ಲಿ ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನ. ಎಂಜಿನಿಯರಿಂಗ್‌ಗೆ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಮೂರನೆಯದಾಗಿ ರಸಾಯನಶಾಸ್ತ್ರ, ಜೀವಶಾಸ್ತ್ರ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ವಿಜ್ಞಾನಗಳಲ್ಲಿ ಒಂದಿದ್ದರೆ ಸಾಕು. ಹಾಗಾಗಿ ಪಿಸಿಎಂಬಿ ಓದಿದವರು ಎಂಜಿನಿಯರಿಂಗ್‌ಗೂ ಹೋಗಬಹುದು, ವೈದ್ಯಕೀಯ, ಆಯುರ್ವೇದ, ಕೃಷಿ, ನರ್ಸಿಂಗ್ ಕಡೆಗೂ ಹೋಗಬಹುದು. ಜೀವಶಾಸ್ತ್ರ ಬಿಟ್ಟವರಿಗೆ ಈ ಎರಡನೆಯ ಸಾಲು ಸಾಮಾನ್ಯವಾಗಿ ಸಿಗದು.

ಇದನ್ನು ಕೇಳಿದ ಕೂಡಲೇ ಎಲ್ಲರೂ ಪಿಸಿಎಂಬಿಗೆ ಮುಗಿಬೀಳುತ್ತಾರೆ. ಅದು ಎಲ್ಲ ಮಕ್ಕಳಿಗೂ ಹಿಡಿಸುವುದಿಲ್ಲ. ನಾಲ್ಕೂ ವಿಷಯಗಳ ಭಾರ ಹೊತ್ತು ಯಾವುದರಲ್ಲೂ ಗಟ್ಟಿಯಾಗದೆ ಉಳಿದ ಮಕ್ಕಳನ್ನು ನಾನು ನೋಡುತ್ತಿರುತ್ತೇನೆ. ಎಸ್ಸೆಸ್ಸೆಲ್ಸಿ ರಜೆಯಲ್ಲಿ ಒಂದು ಕೆಲಸ ಮಾಡಿ. ನೆರೆಮನೆಯ ಹಿರಿಯ ವಿದ್ಯಾರ್ಥಿಯಿಂದ ಪ್ರಥಮ ಪಿಯುವಿನ ಹಳೆಯ ಪಠ್ಯಪುಸ್ತಕಗಳನ್ನು ತಂದುಕೊಡಿ. ಗಣಿತದ ತ್ರಿಕೋನಮಿತಿ ಅಧ್ಯಾಯವನ್ನೂ ಜೀವಶಾಸ್ತ್ರದ ಸಸ್ಯ ಸಾಮ್ರಾಜ್ಯದ ಅಧ್ಯಾಯವನ್ನೂ ಮಗು ತಾನೇ ಓದಲು ಪ್ರಯತ್ನಿಸಲಿ. ಪೂರ್ತಿ ಅರ್ಥವಾಗಬೇಕೆಂದಿಲ್ಲ. ಯಾವ ಪುಸ್ತಕವನ್ನು ಮರುದಿನ ತಾನಾಗಿಯೇ ಕೈಗೆತ್ತಿಕೊಂಡಿತು ಎಂಬುದನ್ನು ಗಮನಿಸಿ. ನೆಂಟರ ಸಲಹೆಗಿಂತ ಅದನ್ನು ಹೆಚ್ಚು ನಂಬಬಹುದು.

ಮಂಗಳೂರು ಕಡೆಯ ವಸತಿ ಕಾಲೇಜಿಗೆ ಕಳುಹಿಸದಿದ್ದರೆ ಮಗ ಹಿಂದೆ ಬೀಳುತ್ತಾನೆಯೇ?

ಕರಾವಳಿಯಲ್ಲಿ ಇದಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಬೇರೊಂದಿಲ್ಲ. ನಮ್ಮ ಪಿಯು ವಿಜ್ಞಾನದ ಪಠ್ಯ ಎನ್‌ಸಿಇಆರ್‌ಟಿಯದು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯೂ ಅದೇ ಪುಸ್ತಕಗಳ ಸುತ್ತ ಇರುತ್ತದೆ. ಮೂಡುಬಿದಿರೆಯ ವಸತಿ ಕಾಲೇಜಿನ ಹುಡುಗನ ಕೈಯಲ್ಲಿರುವ ಪುಸ್ತಕವೇ ಸಿದ್ದಾಪುರದ ಸರ್ಕಾರಿ ಪಿಯು ಕಾಲೇಜಿನ ಹುಡುಗಿಯ ಕೈಯಲ್ಲೂ ಇದೆ. ವಸತಿ ಕಾಲೇಜಿನಲ್ಲಿ ಹೆಚ್ಚಾಗಿ ಸಿಗುವುದು ಶಿಸ್ತಿನ ವೇಳಾಪಟ್ಟಿ ಮತ್ತು ಮೇಲಿಂದ ಮೇಲೆ ನಡೆಯುವ ಪರೀಕ್ಷೆ. ಕೆಲವು ಮಕ್ಕಳಿಗೆ ಅದು ನಿಜಕ್ಕೂ ಒಳ್ಳೆಯದು. ಮನೆ ಬಿಟ್ಟಿರಲಾರದ ಮಗುವನ್ನು ಒತ್ತಾಯದಿಂದ ಕಳುಹಿಸಿದರೆ ಎರಡು ವರ್ಷ ಕೊರಗುತ್ತದೆ.

ಹತ್ತಿರದ ಕಾಲೇಜಿಗೆ ಸೇರಿಸುವ ಮೊದಲು ಅಲ್ಲಿ ಭೌತಶಾಸ್ತ್ರ, ಗಣಿತಕ್ಕೆ ಕಾಯಂ ಉಪನ್ಯಾಸಕರಿದ್ದಾರೆಯೇ ಎಂದು ವಿಚಾರಿಸಿ. ಹುದ್ದೆ ಖಾಲಿಯಿದ್ದರೆ ಅತಿಥಿ ಉಪನ್ಯಾಸಕರು ಯಾವಾಗ ಬರುತ್ತಾರೆ, ಪ್ರಯೋಗಾಲಯ ನಡೆಯುತ್ತದೆಯೇ ಎಂದು ಈಗಾಗಲೇ ಓದುತ್ತಿರುವ ಮಕ್ಕಳನ್ನೇ ಕೇಳಿ. ಪಾಠ ಸರಿಯಾಗಿ ನಡೆಯುವ ಕಾಲೇಜು ಬಸ್ಸಿನ ದಾರಿಯಲ್ಲಿದ್ದರೆ ನಾನು ಅದನ್ನೇ ಹೇಳುತ್ತೇನೆ. ಎರಡು ವರ್ಷದ ವಸತಿ ಶುಲ್ಕವನ್ನು ಉಳಿಸಿದರೆ ಮುಂದೆ ಪದವಿಗೆ ಬೇಕಾಗುತ್ತದೆ. ಅಭ್ಯಾಸಕ್ಕೆ ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಕಾನ್ಪುರ ಐಐಟಿ ನಡೆಸುವ 'ಸಾಥಿ' ಪೋರ್ಟಲ್ ಉಚಿತ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣದಲ್ಲಿ ಹಿಂದಿನ ವರ್ಷಗಳ ಸಿಇಟಿ, ಅಂದರೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ, ಪ್ರಶ್ನೆಪತ್ರಿಕೆಗಳೂ ಸಿಗುತ್ತವೆ.

ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗಳು ವಿಜ್ಞಾನ ತೆಗೆದುಕೊಳ್ಳಬಹುದೇ?

ಖಂಡಿತ ತೆಗೆದುಕೊಳ್ಳಬಹುದು. ಮೊದಲ ಮೂರು ತಿಂಗಳು ಕಷ್ಟವಾಗುತ್ತದೆ, ಅದು ಸಹಜ. ಪರಿಕಲ್ಪನೆ ಗೊತ್ತಿದ್ದೂ ಇಂಗ್ಲಿಷ್ ಪದ ಗೊತ್ತಿಲ್ಲದೆ ತರಗತಿಯಲ್ಲಿ ತಲೆ ತಗ್ಗಿಸುವ ಮಕ್ಕಳಿದ್ದಾರೆ. ದ್ಯುತಿಸಂಶ್ಲೇಷಣೆ, ವೇಗೋತ್ಕರ್ಷ, ಪರಮಾಣು ಸಂಖ್ಯೆ ಮುಂತಾದ ಪದಗಳಿಗೆ ಪಕ್ಕದಲ್ಲೇ ಇಂಗ್ಲಿಷ್ ಪದ ಬರೆದ ಒಂದು ನೋಟ್‌ಬುಕ್ ಅನ್ನು ಏಪ್ರಿಲ್ ರಜೆಯಲ್ಲೇ ಮಾಡಿಕೊಳ್ಳಲಿ. ನೀಟ್ ಮತ್ತು ಜೆಇಇ ಮೇನ್ ಪರೀಕ್ಷೆಗಳನ್ನು ಕನ್ನಡದಲ್ಲೂ ಬರೆಯಬಹುದು. ಭಾಷೆಯನ್ನು ಅರ್ಜಿ ತುಂಬುವಾಗಲೇ ಆರಿಸಬೇಕು.

ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ಅನುಕೂಲವೂ ಇದೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಮೂಲಕ ಹಂಚುವ ಸೀಟುಗಳಲ್ಲಿ ಶೇ. 5ರಷ್ಟು, ಗ್ರಾಮೀಣ ಶಾಲೆಗಳಲ್ಲಿ ಹತ್ತು ವರ್ಷ ಓದಿದವರಿಗೆ ಶೇ. 15ರಷ್ಟು ಮೀಸಲಿದೆ. ನಮ್ಮ ಜಿಲ್ಲೆಯ ಬಹಳಷ್ಟು ಮಕ್ಕಳು ಎರಡಕ್ಕೂ ಅರ್ಹರು. ಅರ್ಜಿಯಲ್ಲಿ ಆ ಅಂಕಣ ತುಂಬದೆ ಬಿಡುವವರನ್ನು ಕಂಡರೆ ನನಗೆ ಬಹಳ ಬೇಸರವಾಗುತ್ತದೆ. ಜಾಲಿ, ಮಂಕಿಯಂತೆ ಪಟ್ಟಣ ಪಂಚಾಯಿತಿಯಾಗಿ ಬದಲಾದ ಊರುಗಳ ಶಾಲೆಯಲ್ಲಿ ಓದಿದವರು ಯಾವ ವರ್ಷಗಳು ಗ್ರಾಮೀಣವೆಂದು ಲೆಕ್ಕಕ್ಕೆ ಬರುತ್ತವೆ ಎಂಬುದನ್ನು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಮೊದಲೇ ಕೇಳಿ ಇಟ್ಟುಕೊಳ್ಳಿ.

ಸಿಇಟಿ, ನೀಟ್, ಜೆಇಇ: ಯಾವುದು ಯಾವುದಕ್ಕೆ?

ಎಂಜಿನಿಯರಿಂಗ್, ಕೃಷಿ ವಿಜ್ಞಾನಗಳು, ಫಾರ್ಮಸಿ, ಬಿ.ಎಸ್ಸಿ. ನರ್ಸಿಂಗ್, ಪ್ರಕೃತಿ ಚಿಕಿತ್ಸೆ ಮುಂತಾದವಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಎಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಅರ್ಧ ಪಾಲು ದ್ವಿತೀಯ ಪಿಯು ಅಂಕಗಳದು, ಇನ್ನರ್ಧ ಸಿಇಟಿಯದು. ಕೋಚಿಂಗ್‌ನ ಭರದಲ್ಲಿ ಪಿಯು ಪರೀಕ್ಷೆಯನ್ನು ಹಗುರವಾಗಿ ಕಂಡವರು ರ‍್ಯಾಂಕ್‌ನಲ್ಲಿ ಕೆಳಗಿಳಿಯುವುದು ಇಲ್ಲೇ.

ಎಂಬಿಬಿಎಸ್, ದಂತವೈದ್ಯ, ಆಯುರ್ವೇದಕ್ಕೆ ನೀಟ್. 180 ಪ್ರಶ್ನೆ, 720 ಅಂಕ. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಕಡಿತ. ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಿಗೂ ದಾರಿ ಇದೇ. ನೀಟ್ ಬರೆದ ಮೇಲೆ ರಾಜ್ಯದ ಸೀಟುಗಳಿಗೆ ಕೆಇಎಯಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ನೀಟ್ ಬರೆದರೆ ಸಾಕು, ಸೀಟು ತಾನಾಗಿ ಬರುತ್ತದೆ ಎಂದು ಕಾದು ಕುಳಿತರೆ ಆ ವರ್ಷ ಕೈಬಿಟ್ಟುಹೋಗುತ್ತದೆ.

ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಗೆ (ಎನ್‌ಐಟಿಕೆ) ಜೆಇಇ ಮೇನ್ ಬೇಕು. ಅಲ್ಲಿ ಅರ್ಧದಷ್ಟು ಸೀಟುಗಳು ಕರ್ನಾಟಕದವರಿಗೇ ಇವೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಧಾರವಾಡದ ಐಐಟಿಗೆ ಜೆಇಇ ಅಡ್ವಾನ್ಸ್ಡ್ ದಾಟಬೇಕು. ವಾಸ್ತುಶಿಲ್ಪಕ್ಕೆ ನಾಟಾ, ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಇನ್ನೊಂದು ಪಾಲಿನ ಸೀಟುಗಳಿಗೆ ಕಾಮೆಡ್-ಕೆ.

ಯಾವ ದಾಖಲೆಗಳು ಬೇಕು? ಎಲ್ಲಿ ಹೆಚ್ಚು ತೊಂದರೆಯಾಗುತ್ತದೆ?

ಹೆಸರಿನಲ್ಲಿ. ನಮ್ಮ ಜಿಲ್ಲೆಯಲ್ಲಿ ಮಗುವಿನ ಹೆಸರಿನ ಜೊತೆ ತಂದೆಯ ಹೆಸರು, ಅದರ ಮುಂದೆ ಅಡ್ಡಹೆಸರು ಬರುತ್ತದೆ. ಶಾಲೆಯ ದಾಖಲೆಯಲ್ಲಿ 'ಗಣಪತಿ ನಾರಾಯಣ ಹೆಗಡೆ' ಎಂದಿರುತ್ತದೆ, ಆಧಾರ್‌ನಲ್ಲಿ 'ಗಣಪತಿ ಎನ್. ಹೆಗಡೆ'. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಹೆಗಡೆಗೆ ಒಂದು ಕಡೆ ನಡುವೆ 'ಎ' ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ನಾಯ್ಕ ಮತ್ತು ನಾಯಕ ಬೇರೆ ಬೇರೆ ಸಮುದಾಯದವರು, ಆದರೆ ಗಣಕಯಂತ್ರದ ಮುಂದೆ ಕುಳಿತವರು ಒಂದನ್ನು ಇನ್ನೊಂದಾಗಿ ಟೈಪ್ ಮಾಡಿಬಿಟ್ಟಿರುತ್ತಾರೆ. ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದ ಈ ವ್ಯತ್ಯಾಸ ಸಿಇಟಿ ಅರ್ಜಿ ತುಂಬುವ ದಿನ ಎದುರಾಗುತ್ತದೆ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮುದ್ರಿತವಾದ ಹೆಸರು ಮತ್ತು ಜನ್ಮದಿನಾಂಕವೇ ಮುಂದಿನ ಎಲ್ಲದಕ್ಕೂ ಆಧಾರ. ಅದಕ್ಕಾಗಿ ಒಂಬತ್ತನೆಯ ತರಗತಿಯಲ್ಲೇ ಶಾಲೆಗೆ ಹೋಗಿ ಸ್ಯಾಟ್ಸ್, ಅಂದರೆ ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲಿ ಏನಿದೆ ಎಂದು ಕಣ್ಣಾರೆ ನೋಡಿ. ಮಗುವಿನ ಹೆಸರು, ತಂದೆತಾಯಿಯ ಹೆಸರು, ಜನ್ಮದಿನಾಂಕ, ಜಾತಿ ಇವನ್ನು ಜನನ ಪ್ರಮಾಣಪತ್ರ ಮತ್ತು ಆಧಾರ್ ಜೊತೆ ಅಕ್ಷರ ಅಕ್ಷರ ಹೋಲಿಸಿ. ಹತ್ತನೆಯ ಪರೀಕ್ಷೆಗೆ ನೋಂದಣಿಯಾಗುವ ಮೊದಲು ಮುಖ್ಯ ಶಿಕ್ಷಕರಿಂದಲೇ ತಿದ್ದುಪಡಿಗೆ ದಾರಿಯಿದೆ. ಅಂಕಪಟ್ಟಿ ಮುದ್ರಣವಾದ ಮೇಲೆ ಮಂಡಳಿಯವರೆಗೂ ಅಲೆಯಬೇಕಾಗುತ್ತದೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಕೊಟ್ಟು ಪಡೆಯಬಹುದು. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ಕೆಇಎ ಕಂದಾಯ ಇಲಾಖೆಯ ದಾಖಲೆಯೊಂದಿಗೆ ನೇರವಾಗಿ ತಾಳೆ ನೋಡುತ್ತದೆ. ಪ್ರಮಾಣಪತ್ರ ಮಗುವಿನ ಹೆಸರಿನಲ್ಲೇ ಇರಬೇಕು, ತಂದೆಯದು ನಡೆಯುವುದಿಲ್ಲ. ಆದಾಯ ಪ್ರಮಾಣಪತ್ರಕ್ಕೆ ಅವಧಿಯಿದೆ, ಮುಗಿದಿದ್ದರೆ ಡಿಸೆಂಬರ್‌ನೊಳಗೆ ಹೊಸದು ಮಾಡಿಸಿ. ಸಿದ್ದಿ ಸಮುದಾಯ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಕ್ಕಳ ದಾಖಲೆಗಳಲ್ಲಿ ಅದು ಸರಿಯಾಗಿ ನಮೂದಾಗಿದೆಯೇ ಎಂದು ಶಿಕ್ಷಕರೇ ಮುಂದಾಗಿ ನೋಡಿಕೊಟ್ಟರೆ ದೊಡ್ಡ ಉಪಕಾರ. ಕಲ್ಯಾಣ ಕರ್ನಾಟಕದವರಿಗೆ ಇರುವ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಮಾತ್ರ ನಮ್ಮ ಜಿಲ್ಲೆಗೆ ಅನ್ವಯಿಸುವುದಿಲ್ಲ.

ನಾವು ಮಾಜಾಳಿಯವರು. ಮಗನನ್ನು ಗೋವಾದಲ್ಲಿ ಓದಿಸಿದರೆ ಇಲ್ಲಿಯ ಸೀಟು ಹೋಗುತ್ತದೆಯೇ?

ಎಂಜಿನಿಯರಿಂಗ್ ಸೀಟಿನ ಸಾಮಾನ್ಯ ನಿಯಮ ಹೀಗಿದೆ: ಒಂದನೆಯ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು ಮತ್ತು ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯು ಇವೆರಡರಲ್ಲಿ ಒಂದನ್ನಾದರೂ ಇಲ್ಲಿಂದಲೇ ಪಾಸಾಗಿರಬೇಕು. ಹತ್ತರವರೆಗೆ ಕಾರವಾರದಲ್ಲಿ ಓದಿ ಆಮೇಲೆ ಕಾಣಕೋಣಕ್ಕೋ ಮಡಗಾಂವಿಗೋ ಹೋದವನಿಗೆ ಈ ನಿಯಮದಿಂದ ತೊಂದರೆಯಿಲ್ಲ. ಶಾಲೆಯನ್ನೂ ಅಲ್ಲೇ ಮುಗಿಸಿದವನು ಇಲ್ಲಿ ಮನೆಯಿದ್ದರೂ ಈ ನಿಯಮದಡಿ ಬರುವುದಿಲ್ಲ. ಗಡಿಯ ಮನೆಗಳು ಎಂಟನೆಯ ತರಗತಿಯ ಹೊತ್ತಿಗೇ ಈ ಲೆಕ್ಕ ಹಾಕಬೇಕು.

ಆಪ್ಷನ್ ಎಂಟ್ರಿಯಲ್ಲಿ ಕಾಲೇಜುಗಳನ್ನು ಯಾವ ಕ್ರಮದಲ್ಲಿ ಹಾಕಬೇಕು?

ಆಪ್ಷನ್ ಎಂಟ್ರಿ ಎಂದರೆ ಕೆಇಎ ಜಾಲತಾಣದಲ್ಲಿ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ತುಂಬುವುದು. ಅದನ್ನು ನಿಜವಾಗಿ ಬೇಕಾದ ಕ್ರಮದಲ್ಲೇ ತುಂಬಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಅಂಕೋಲೆಯ ಹುಡುಗಿಯೊಬ್ಬಳಿಗೆ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ವಿಜ್ಞಾನ ಓದುವ ಆಸೆಯಿದೆ ಎಂದುಕೊಳ್ಳಿ. ಅದು ಸಿಗದಿದ್ದರೆ ಹಳಿಯಾಳದ ಕಾಲೇಜು, ಅದೂ ಆಗದಿದ್ದರೆ ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಎಂದು ಮನಸ್ಸಿನಲ್ಲಿದೆ. 'ಹುಬ್ಬಳ್ಳಿ ಹೇಗೂ ಸಿಗುವುದಿಲ್ಲ, ಮಾಜಾಳಿಯನ್ನೇ ಮೊದಲು ಹಾಕು' ಎಂದು ಸೈಬರ್ ಕೇಂದ್ರದಲ್ಲಿ ಯಾರೋ ಹೇಳುತ್ತಾರೆ. ಅವಳು ಹಾಗೆ ಹಾಕಿದರೆ ಗಣಕವು ಪಟ್ಟಿಯನ್ನು ಮೇಲಿನಿಂದ ನೋಡುತ್ತದೆ, ಅವಳ ರ‍್ಯಾಂಕ್‌ಗೆ ಮಾಜಾಳಿ ಸಿಗುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಹುಬ್ಬಳ್ಳಿಯ ಸೀಟು ಅವಳ ರ‍್ಯಾಂಕ್‌ಗೆ ಸಿಗುವಂತಿದ್ದರೂ ಅದನ್ನು ನೋಡುವುದೇ ಇಲ್ಲ. ಹುಬ್ಬಳ್ಳಿಯನ್ನು ಮೊದಲು ಹಾಕಿ, ಅದು ಸಿಗದಿದ್ದರೆ ಏನೂ ನಷ್ಟವಿಲ್ಲ. ಕೆಳಗಿನ ಆಯ್ಕೆಗಳಿಗೆ ಅವಳ ಹಕ್ಕು ಹಾಗೆಯೇ ಇರುತ್ತದೆ.

ಅಣಕು ಹಂಚಿಕೆ, ಅಂದರೆ ಪ್ರಯೋಗಕ್ಕೆಂದು ಮಾಡುವ ಸೀಟು ಹಂಚಿಕೆ, ಬಂದಾಗ ಗಾಬರಿಯಾಗಬೇಡಿ, ಅದು ತಿದ್ದಿಕೊಳ್ಳಲೆಂದೇ ಇರುವ ಅವಕಾಶ. ನಿಜವಾದ ಹಂಚಿಕೆಯ ನಂತರ ನಾಲ್ಕು ಆಯ್ಕೆ ಬರುತ್ತವೆ. ಮೊದಲನೆಯದು, ಈ ಸೀಟು ಸಾಕು, ಸೇರುತ್ತೇನೆ. ಎರಡನೆಯದು, ಇದನ್ನು ಇಟ್ಟುಕೊಂಡು ಮೇಲಿನದಕ್ಕೆ ಮುಂದಿನ ಸುತ್ತಿನಲ್ಲಿ ಕಾಯುತ್ತೇನೆ. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕನೆಯದು, ಪ್ರಕ್ರಿಯೆಯಿಂದಲೇ ಹೊರಹೋಗುತ್ತೇನೆ. ಎರಡನೆಯದನ್ನು ಆರಿಸಿ ಮೇಲಿನ ಸೀಟು ಸಿಕ್ಕರೆ ಹಳೆಯದು ತಾನಾಗಿ ರದ್ದಾಗುತ್ತದೆ. ಹಾಗಾಗಿ ನಿಮಗೆ ಬೇಡವಾದ ಕಾಲೇಜು ಪಟ್ಟಿಯ ಮೇಲ್ಭಾಗದಲ್ಲಿ ಉಳಿದಿರಬಾರದು. ಲಾಗಿನ್ ಗುಪ್ತಪದವನ್ನು ಸೈಬರ್ ಕೇಂದ್ರದವರ ಬಳಿ ಬಿಟ್ಟುಬರಬೇಡಿ. ಮಗುವೇ ತನ್ನ ಕೈಯಾರೆ ಪಟ್ಟಿ ಬರೆದು, ನೀವು ಜೊತೆಗೆ ಕುಳಿತು ತುಂಬಿ.

ನಮ್ಮದು ಅಡಿಕೆ ತೋಟ. ಕೃಷಿ ಸಂಬಂಧದ ಓದು ನಮ್ಮ ಜಿಲ್ಲೆಯಲ್ಲೇ ಇದೆಯೇ?

ಇದೆ, ಮತ್ತು ನಮ್ಮವರು ಅದನ್ನು ಎಷ್ಟು ಬಳಸಿಕೊಳ್ಳಬೇಕೋ ಅಷ್ಟು ಬಳಸಿಕೊಳ್ಳುತ್ತಿಲ್ಲ. ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಮಹಾವಿದ್ಯಾಲಯವಿದೆ. ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ ಕಾಲೇಜೂ ಶಿರಸಿಯಲ್ಲಿದೆ. ಮೀನುಗಾರಿಕೆ ಪದವಿಗೆ ಮಂಗಳೂರಿನಲ್ಲಿ 1969ರಿಂದ ಕಾಲೇಜು ನಡೆಯುತ್ತಿದೆ. ದೋಣಿ, ಬಲೆ, ಮೀನಿನ ಜಾತಿಗಳನ್ನು ಬಾಲ್ಯದಿಂದ ನೋಡಿ ಬೆಳೆದ ತದಡಿ, ಬೇಲೆಕೇರಿಯ ಮಕ್ಕಳು ಅಲ್ಲಿ ಹೆಚ್ಚು ಸಂಖ್ಯೆಯಲ್ಲಿ ಇರಬೇಕು ಎಂದು ನಾನು ಮನಸಾರೆ ಬಯಸುತ್ತೇನೆ. ಪದವಿಯ ನಂತರ ಸಾಗರ ಜೀವವಿಜ್ಞಾನ ಓದುವವರಿಗೆ ಕಾರವಾರದ ಕೋಡಿಬಾಗದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗವಿದೆ.

ಕೃಷಿ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ತಹಶೀಲ್ದಾರರ ಪ್ರಮಾಣಪತ್ರ ಬೇಕು, ಸಿಇಟಿ ಅರ್ಜಿಯಲ್ಲೇ ನಮೂದಿಸಬೇಕು, ಪ್ರಾಯೋಗಿಕ ಪರೀಕ್ಷೆಗೂ ಹಾಜರಾಗಬೇಕು. ಬೀಜ, ಗೊಬ್ಬರ, ಸಲಕರಣೆಗಳನ್ನು ಗುರುತಿಸುವ ಪರೀಕ್ಷೆ ಅದು. ತೋಟದಲ್ಲಿ ಕೆಲಸ ಮಾಡಿ ಗೊತ್ತಿದ್ದರೂ ಬಯಲುಸೀಮೆಯ ಜೋಳ, ಕಡಲೆ, ಸೂರ್ಯಕಾಂತಿಯ ಪರಿಚಯ ನಮ್ಮ ಮಕ್ಕಳಿಗೆ ಕಡಿಮೆ. ಶಿರಸಿಯ ಸಂತೆಯಲ್ಲಿ ಅಥವಾ ಬೀಜದ ಅಂಗಡಿಯಲ್ಲಿ ಒಂದು ದಿನ ಕಳೆದರೆ ಆ ಕೊರತೆ ತುಂಬುತ್ತದೆ.

ಕಲಾ ಅಥವಾ ವಾಣಿಜ್ಯಕ್ಕೆ ಹೋದರೆ ಮುಂದೇನು?

ಬೇಕಾದಷ್ಟಿದೆ. ಐದು ವರ್ಷದ ಕಾನೂನು ಪದವಿ, ಶಿಕ್ಷಕ ತರಬೇತಿ, ಪತ್ರಿಕೋದ್ಯಮ, ಆಡಳಿತ ಸೇವೆಯ ಪರೀಕ್ಷೆಗಳು. ವಾಣಿಜ್ಯದವರು ದ್ವಿತೀಯ ಪಿಯು ಪರೀಕ್ಷೆ ಬರೆದು ಸಿಎ ಫೌಂಡೇಶನ್ ಬರೆಯಬಹುದು. ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ, ಶಿರಸಿಗಳಲ್ಲಿ ದಶಕಗಳ ಹೆಸರಿರುವ ಪದವಿ ಕಾಲೇಜುಗಳಿವೆ. 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಎಸ್ಸೆಸ್ಸೆಲ್ಸಿ ಮುಗಿಸಿ ಡಿಪ್ಲೊಮಾ ಮಾಡಿದವರು ತಮಗೆಂದೇ ಇರುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರಬಹುದು. ಬೇಗ ದುಡಿಮೆಗೆ ನಿಲ್ಲಬೇಕಾದ ಮನೆಯ ಮಕ್ಕಳಿಗೆ ಇದನ್ನು ನಾನು ತಪ್ಪದೆ ಹೇಳುತ್ತೇನೆ.

ಹಣದ ವ್ಯವಸ್ಥೆ ಹೇಗೆ ಮಾಡಿಕೊಳ್ಳುವುದು?

ಮೀನುಗಾರಿಕೆಯ ಮನೆಗಳಿಗೆ ಇದು ಬಹಳ ಬಿಗಿಯಾದ ಪ್ರಶ್ನೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಕಾಲೇಜಿನ ಶುಲ್ಕ ಕಟ್ಟುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಕೈಯಲ್ಲಿ ಹಣ ಓಡಾಡದ ಆ ತಿಂಗಳುಗಳಲ್ಲಿ ಸಾಲ ಹುಡುಕಲು ಹೊರಟರೆ ಬಡ್ಡಿ ಕೇಳಿದಷ್ಟು ಕೊಡಬೇಕಾಗುತ್ತದೆ. ಮಾರ್ಚ್‌ನಿಂದಲೇ ಸ್ವಲ್ಪ ಸ್ವಲ್ಪ ಬೇರೆ ಖಾತೆಯಲ್ಲಿ ಇಡಿ, ಬ್ಯಾಂಕಿನ ಶಿಕ್ಷಣ ಸಾಲದ ವಿಚಾರಣೆಯನ್ನೂ ಆಗಲೇ ಮುಗಿಸಿ. 4 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುವುದಿಲ್ಲ.

ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಹಣ ಬರಬೇಕಾದರೆ ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಅಂದರೆ ಎನ್‌ಪಿಸಿಐ ಮ್ಯಾಪಿಂಗ್, ಆಗಿರಬೇಕು. ಮಂಜೂರಾದ ಹಣ ಖಾತೆ ಸೇರದೆ ನಿಲ್ಲುವುದು ಹೆಚ್ಚಾಗಿ ಈ ಕಾರಣಕ್ಕೇ. ಹತ್ತು ಮತ್ತು ಹನ್ನೆರಡನ್ನು ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿ ಪದವಿಗೋ ಡಿಪ್ಲೊಮಾಕ್ಕೋ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ನೀಡುತ್ತದೆ. ಎಂಜಿನಿಯರಿಂಗ್‌ನಲ್ಲಿ ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯು, ಅಂದರೆ ಹೆಚ್ಚುವರಿ ಕೋಟಾದ, ಸೀಟುಗಳಲ್ಲಿ ಬೋಧನಾ ಶುಲ್ಕ ಮಾಫಿ. ಅದನ್ನು ಅರ್ಜಿಯಲ್ಲಿ ಕೇಳಿಕೊಂಡವರಿಗಷ್ಟೇ ಕೊಡುತ್ತಾರೆ.

ಮಗಳನ್ನು ದೂರ ಕಳುಹಿಸಲು ಮನೆಯಲ್ಲಿ ಒಪ್ಪುತ್ತಿಲ್ಲ.

ಅಜ್ಜಿ, ಅಜ್ಜನ ಆತಂಕವನ್ನು ತಳ್ಳಿಹಾಕಬೇಡಿ, ಅದಕ್ಕೆ ಉತ್ತರ ಕೊಡಿ. ಆಪ್ಷನ್ ಎಂಟ್ರಿಗೆ ಮೊದಲೇ, ಬೇಸಿಗೆಯಲ್ಲಿ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಆ ಕಾಲೇಜನ್ನೂ ಹಾಸ್ಟೆಲನ್ನೂ ನೋಡಿ ಬನ್ನಿ. ಊಟದ ಮನೆ ನೋಡಿ, ವಾರ್ಡನ್ ಜೊತೆ ಮಾತಾಡಿ, ನಮ್ಮ ಜಿಲ್ಲೆಯ ಹುಡುಗಿಯರು ಅಲ್ಲಿದ್ದರೆ ಅವರನ್ನು ಭೇಟಿಯಾಗಿ. ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿಗೆ ಬೇರೆಯಾಗಿ ಅರ್ಜಿ ಹಾಕಬೇಕು. ಅಷ್ಟೇ ಅಂಕ ಪಡೆದ ಅಣ್ಣನನ್ನು ಬೆಂಗಳೂರಿಗೆ ಕಳುಹಿಸಿದ ಮನೆ ತಂಗಿಗೆ ಬೇಡವೆನ್ನುವುದು ನ್ಯಾಯವಲ್ಲ ಎಂದು ನಾನು ಎದುರಿಗೇ ಹೇಳುತ್ತೇನೆ, ಇಲ್ಲೂ ಬರೆಯುತ್ತೇನೆ.

ಅಂಕ ಕಡಿಮೆ ಬಂದರೆ ಅಥವಾ ಒಂದು ವಿಷಯ ಉಳಿದುಕೊಂಡರೆ?

ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಗೂ ಈಗ ಪರೀಕ್ಷೆ-1ರ ನಂತರವೂ ಅದೇ ವರ್ಷ ಮತ್ತೆ ಬರೆಯುವ ಅವಕಾಶವಿದೆ, ಬಂದವುಗಳಲ್ಲಿ ಉತ್ತಮ ಅಂಕವನ್ನು ಉಳಿಸಿಕೊಳ್ಳಬಹುದು. ಫಲಿತಾಂಶದ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ, ಅಂಕ ಕೇಳುವ ನೆಂಟರ ಫೋನನ್ನು ನೀವೇ ಎತ್ತಿಕೊಳ್ಳಿ. ಉತ್ತರಪತ್ರಿಕೆಯ ನಕಲು ಪ್ರತಿ ತರಿಸಿ ನೋಡಿ, ಅನುಮಾನವಿದ್ದರೆ ಮರುಮೌಲ್ಯಮಾಪನಕ್ಕೆ ಹಾಕಿ.

ಕೌನ್ಸೆಲಿಂಗ್ ಹೊತ್ತಿಗೆ ಮಳೆ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಏನು ಮಾಡುವುದು?

ಜೊಯಿಡಾ, ಯಲ್ಲಾಪುರ, ಸಿದ್ದಾಪುರದ ಒಳಗಿನ ಊರುಗಳವರಿಗೆ ಇದು ಪ್ರತಿವರ್ಷದ ಪಾಡು. 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಪ್ರವೇಶದ ದಿನಗಳೇ ಅವು. ಕೊನೆಯ ದಿನಾಂಕಕ್ಕಿಂತ ಮೂರು ದಿನ ಮೊದಲಿನ ದಿನವನ್ನೇ ನಿಮ್ಮ ಕೊನೆಯ ದಿನವೆಂದು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಆಯ್ಕೆಗಳ ಪಟ್ಟಿಯನ್ನು ಮೊದಲೇ ಕಾಗದದಲ್ಲಿ ಕಾಲೇಜು ಸಂಕೇತ ಸಮೇತ ಬರೆದಿಟ್ಟುಕೊಂಡರೆ ನೆಟ್‌ವರ್ಕ್ ಸಿಕ್ಕ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಆ ವಾರ ಮಗುವನ್ನು ಪೇಟೆಯಲ್ಲಿರುವ ಚಿಕ್ಕಪ್ಪನ ಮನೆಯಲ್ಲೋ ಅತ್ತೆಯ ಮನೆಯಲ್ಲೋ ಇರಿಸಿದರೆ ಇನ್ನೂ ನಿರಾಳ. ಎಲ್ಲ ದಾಖಲೆಗಳ ಸ್ಕ್ಯಾನ್ ಪ್ರತಿ ಡಿಜಿಲಾಕರ್‌ನಲ್ಲೂ ಇನ್ನೊಬ್ಬರ ಮೊಬೈಲ್‌ನಲ್ಲೂ ಇರಲಿ, ಮೂಲ ಪ್ರತಿಗಳು ನೀರು ತಾಗದ ಕವರಿನಲ್ಲಿರಲಿ. ಸೀಟು ಸಿಕ್ಕ ಕಾಲೇಜಿಗೆ ವರದಿ ಮಾಡಿಕೊಳ್ಳಲು ಹೊರಡುವಾಗ ಘಟ್ಟದ ರಸ್ತೆ ತೆರೆದಿದೆಯೇ ಎಂದು ಹಿಂದಿನ ಸಂಜೆ ಬಸ್ ನಿಲ್ದಾಣಕ್ಕೆ ಫೋನ್ ಮಾಡಿ ಕೇಳಿ. ದಾರಿ ಮುಚ್ಚಿ ತಡವಾಗುವಂತಿದ್ದರೆ ಅವಧಿ ಮುಗಿಯುವ ಮೊದಲೇ ಕಾಲೇಜಿಗೂ ಕೆಇಎ ಸಹಾಯವಾಣಿಗೂ ಫೋನ್ ಮಾಡಿ, ಅದನ್ನೇ ಇಮೇಲ್‌ನಲ್ಲೂ ಬರೆದು ಕಳುಹಿಸಿ.